ದುರ್ಬೀನಿನ ಚಿಕ್ಕ ಕನ್ನಡಿಯೂ ಅದರ ಆಸರೆಯೂ

ಬಿ.ಎ. ತರಗತಿಯ ವಿದ್ಯಾರ್ಥಿಗೆ ದುರ್ಬೀನಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಆಕಾಶವು ವಿಜ್ಞಾನ ಶಾಖೆಯವರಿಗಷ್ಟೇ ಮೀಸಲಾದುದಲ್ಲ ಎಂಬುದೊಂದೇ ನನ್ನ ಉತ್ತರ. ನಮ್ಮ ಸೀಮೆಯ ಕೆಲವು ಶಾಲೆಗಳಲ್ಲಿ ಒಳ್ಳೆಯ ದುರ್ಬೀನುಗಳುಂಟು. ಆದರೆ “ಇದರಲ್ಲಿ ಏನೂ ಕಾಣುವುದಿಲ್ಲ” ಎಂಬ ಅಪವಾದ ಹೊತ್ತು ಕಪಾಟು ಸೇರಿದವೂ ಉಂಟು. ಅಂಥ ದುರ್ಬೀನಿನ ದೋಷ ಎಲ್ಲಿರಬಹುದು, ಅದನ್ನು ನಾವೇ ತಿದ್ದಬಹುದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ದುರ್ಬೀನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಸೂರದಿಂದ ಬೆಳಕನ್ನು ಕೂಡಿಸುವುದು ಒಂದು, ಕನ್ನಡಿಯಿಂದ ಕೂಡಿಸುವುದು ಇನ್ನೊಂದು. ಎರಡನೆಯದನ್ನು ಕೆಲಸಕ್ಕೆ ಬರುವಂತೆ ಕಟ್ಟಿ ತೋರಿಸಿದವನು ಐಸಾಕ್ ನ್ಯೂಟನ್. ಅದು 1668ರ ಮಾತು. ಇದರಲ್ಲಿ ಕೊಳವೆಯ ಬುಡದಲ್ಲಿರುವ ತಗ್ಗು ಕನ್ನಡಿಯು ಬೆಳಕನ್ನು ಕೂಡಿಸಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳಿಸುತ್ತದೆ. ಅದನ್ನು ನೋಡಲು ಕೊಳವೆಯ ಬಾಯಿಗೆ ಮುಖವೊಡ್ಡಿದರೆ ನಮ್ಮ ತಲೆಯೇ ಬೆಳಕಿಗೆ ಅಡ್ಡಿ! ಆದುದರಿಂದ ನ್ಯೂಟನ್ ಒಂದು ಚಿಕ್ಕ ಸಪಾಟು ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಬೆಳಕನ್ನು ಪಕ್ಕಕ್ಕೆ ಹೊರಳಿಸಿದನು.

ಈ ಚಿಕ್ಕ ಕನ್ನಡಿಯನ್ನು ಹಿಡಿದು ನಿಲ್ಲಿಸುವ ಸಲಕರಣೆಯನ್ನೇ ನಾನು ಆಸರೆ ಎನ್ನುತ್ತೇನೆ. ಕೊಳವೆಯ ಒಳಗೋಡೆಯಿಂದ ನಡುವಿಗೆ, ಜೇಡನ ಕಾಲುಗಳಂತೆ, ಮೂರು ಅಥವಾ ನಾಲ್ಕು ತೆಳು ಲೋಹದ ಪಟ್ಟಿಗಳು ಬಂದಿರುತ್ತವೆ. ನಡುವಿನ ಬೋಲ್ಟು ಕನ್ನಡಿಯನ್ನು ಎಳೆದು ಹಿಡಿದಿರುತ್ತದೆ. ಅದರ ಸುತ್ತಲಿನ ಮೂರು ಸ್ಕ್ರೂಗಳು ಅದರ ಓರೆಯನ್ನು ನಿರ್ಧರಿಸುತ್ತವೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಹತ್ವವೇಕೆ? ಕನ್ನಡಿ ಒಂದು ಡಿಗ್ರಿ ವಾಲಿದರೆ ಪ್ರತಿಫಲಿಸಿದ ಕಿರಣ ಎರಡು ಡಿಗ್ರಿ ವಾಲುತ್ತದೆ. ಆರು ಇಂಚಿನ ದುರ್ಬೀನಿನಲ್ಲಿ ಚಿಕ್ಕ ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಸುಮಾರು 180 ಮಿಲಿಮೀಟರ್ ದೂರವಿದೆಯೆಂದು ಹಿಡಿಯಿರಿ. ಒಂದೇ ಡಿಗ್ರಿಯ ವಾಲಿಕೆಗೆ ಅಲ್ಲಿ ಕಿರಣವು 6 ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ. ದೊಡ್ಡ ಕನ್ನಡಿ ಎಷ್ಟೇ ಉತ್ತಮವಾಗಿದ್ದರೂ ಅದರ ಶ್ರಮವೆಲ್ಲ ಇಲ್ಲಿ ವ್ಯರ್ಥ.

ಈ ಮಾತಿಗೆ ಒಂದು ಪ್ರತ್ಯಕ್ಷ ಉದಾಹರಣೆ ಕೊಡುತ್ತೇನೆ. ಒಂದು ಪ್ರೌಢಶಾಲೆಯ ಆರು ಇಂಚಿನ ದುರ್ಬೀನಿನಲ್ಲಿ ನಕ್ಷತ್ರಗಳಿಗೆ ಬಾಲ ಮೂಡುತ್ತಿತ್ತು. ಗುರುಗ್ರಹದ ಪಟ್ಟೆಗಳು ಕಾಣುತ್ತಿರಲಿಲ್ಲ. ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ಉಪಗ್ರಹಗಳು ಬರಿಯ ಮಬ್ಬು ಕಲೆಗಳಾಗಿದ್ದವು. “ಪುಸ್ತಕದಾಗಿನ ಚಿತ್ರ ಸುಳ್ಳು” ಎಂದು ಮಕ್ಕಳು ನಿರ್ಧರಿಸಿಬಿಟ್ಟಿದ್ದರು. ಉಪಕರಣವೊಂದು ಕೆಟ್ಟರೆ ಹೋಗುವುದು ಹಣ ಮಾತ್ರವಲ್ಲ, ಮಕ್ಕಳ ನಂಬಿಕೆಯೂ ಹೋಗುತ್ತದೆ. ದೊಡ್ಡ ಕನ್ನಡಿಯೇ ಕೆಟ್ಟಿದೆಯೆಂದು ಭಾವಿಸಿ ಶಾಲೆಯವರು ಅದನ್ನು ರದ್ದಿಗೆ ಹಾಕುವುದರಲ್ಲಿದ್ದರು.

ಆಗ ನನ್ನ ತಂದೆಯವರನ್ನು ಅಲ್ಲಿಗೆ ಕರೆದೊಯ್ದೆನು. ಅವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಲೇಥ್ ಯಂತ್ರದ ಮೇಲೆ ದುಡಿಯುವವರು. ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಚಿಕ್ಕ ಕನ್ನಡಿಯ ಆಸರೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, “ಕನ್ನಡಿ ಚಲೋ ಐತಿ, ಅದನ್ನ ಹಿಡಿದ ಕೈ ಸಡಿಲ ಐತಿ” ಎಂದರು. ಪರೀಕ್ಷೆಗಳೆಲ್ಲ ಆ ಮಾತನ್ನೇ ಸಮರ್ಥಿಸಿದವು.

ಪರೀಕ್ಷೆಯ ಕ್ರಮ ಹೀಗಿದೆ. ಮೊದಲು ಒಂದು ನಕ್ಷತ್ರವನ್ನು ನೋಡುತ್ತ ಬಿಂಬವನ್ನು ತುಸು ಮಸುಕು ಮಾಡಬೇಕು. ಆಗ ಬೆಳಕಿನ ಬಿಲ್ಲೆಯೂ ಅದರೊಳಗೆ ಚಿಕ್ಕ ಕನ್ನಡಿಯ ಕಪ್ಪು ನೆರಳೂ ಕಾಣುತ್ತವೆ. ನೆರಳು ನಡುವಿನಲ್ಲಿದ್ದರೆ ಜೋಡಣೆ ಸರಿ. ಪಕ್ಕಕ್ಕೆ ಸರಿದಿದ್ದರೆ ಕನ್ನಡಿಗಳು ಸಾಲು ತಪ್ಪಿವೆ. ಸರಿಪಡಿಸಿದ ಮೇಲೂ ಕೊಳವೆಯನ್ನು ಬೇರೆ ದಿಕ್ಕಿಗೆ ಹೊರಳಿಸಿದೊಡನೆ ನೆರಳು ಸರಿದರೆ ಎಲ್ಲಿಯೋ ಸಡಿಲವಿದೆ ಎಂದು ತಿಳಿಯಬೇಕು. ಬಿಲ್ಲೆಯು ಒಂದು ಕಡೆಗೆ ಉದ್ದವಾಗಿ, ಬಿಂಬದ ಆಚೆ ಬದಿಗೆ ಹೋದಾಗ ಅಡ್ಡಕ್ಕೆ ಉದ್ದವಾದರೆ, ಗಾಜು ಬಾಗಿರುವ ಸಂಶಯಪಡಬೇಕು. ಪ್ರಕಾಶಮಾನ ನಕ್ಷತ್ರದ ಸುತ್ತ ನಾಲ್ಕು ಕಿರಣಗಳು ಕಾಣುವುದು ಮಾತ್ರ ದೋಷವಲ್ಲ. ಅದು ನಾಲ್ಕು ಪಟ್ಟಿಗಳ ಅಂಚಿನಲ್ಲಿ ಬೆಳಕು ಬಾಗುವುದರ ಫಲ. ಪಟ್ಟಿಗಳು ಮೂರಿದ್ದರೆ ಕಿರಣಗಳು ಆರು.

ನಾವು ಕಂಡ ದೋಷಗಳು ಎರಡು. ಸ್ಕ್ರೂಗಳ ತುದಿ ಆಸರೆಯ ಮೆದು ಲೋಹದಲ್ಲಿ ಕುಳಿ ಕೊರೆದಿತ್ತು. ಎಷ್ಟು ತಿರುಗಿಸಿದರೂ ತುದಿ ಮತ್ತೆ ಹಳೆಯ ಕುಳಿಗೇ ಜಾರುತ್ತಿತ್ತು. ನಡುವಿನ ಸ್ಪ್ರಿಂಗೂ ಶಕ್ತಿಗುಂದಿತ್ತು. ತಂದೆಯವರು ಸ್ಕ್ರೂಗಳ ತುದಿಗೂ ಆಸರೆಗೂ ನಡುವೆ ಒಂದು ಗಟ್ಟಿ, ನುಣುಪಾದ ಉಕ್ಕಿನ ವಾಷರನ್ನು ಕೂಡಿಸಿದರು. ಗಡುಸಾದ ಹೊಸ ಸ್ಪ್ರಿಂಗ್ ಹಾಕಿದರು. ಕೀಲಿ ಬೇಡುವ ಸ್ಕ್ರೂಗಳ ಬದಲು ಬೆರಳಿನಿಂದಲೇ ತಿರುಗಿಸಬಹುದಾದ ಗೀರುತಲೆಯ ಸ್ಕ್ರೂಗಳನ್ನು ಲೇಥಿನಲ್ಲಿ ಕಡೆದುಕೊಟ್ಟರು. ಕತ್ತಲಲ್ಲಿ ಕೈತಪ್ಪಿದ ಕೀಲಿಯು ದೊಡ್ಡ ಕನ್ನಡಿಯ ಮೇಲೆ ಬೀಳುವ ಭಯ ಇದರಿಂದ ತಪ್ಪಿತು.

ಈ ಕೆಲಸಕ್ಕೆ ಕೈಹಾಕುವವರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಕೊಳವೆಯನ್ನು ಯಾವಾಗಲೂ ಅಡ್ಡವಾಗಿ ಮಲಗಿಸಿಕೊಳ್ಳಬೇಕು. ಒಂದು ಸ್ಕ್ರೂವನ್ನು ಸಡಿಲಿಸಿದ ಮೇಲೆಯೇ ಇನ್ನೊಂದನ್ನು ಬಿಗಿಯಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮೊದಲು ಚಿಕ್ಕ ಕನ್ನಡಿ, ಅನಂತರ ದೊಡ್ಡದು: ನೋಡುಗಣ್ಣಿನ ಮಸೂರ ತೆಗೆದು ಆ ರಂಧ್ರದಿಂದ ನೋಡಿದಾಗ ಚಿಕ್ಕ ಕನ್ನಡಿ ದುಂಡಗೆ ನಡುವೆ ಕಾಣಬೇಕು, ಅದರೊಳಗೆ ದೊಡ್ಡ ಕನ್ನಡಿಯ ಅಂಚು ಪೂರ್ತಿಯಾಗಿ ಕಾಣಬೇಕು. ಗಾಜಿನ ಬೆನ್ನಿಗೆಲ್ಲ ಗಟ್ಟಿ ಅಂಟು ಬಳಿಯಬಾರದು. ಚಳಿಗೆ ಲೋಹ ಗಾಜಿಗಿಂತ ಹೆಚ್ಚು ಕುಗ್ಗಿ ಗಾಜನ್ನು ಬಾಗಿಸುತ್ತದೆ. ಮೆದುವಾಗಿ ಉಳಿಯುವ ಸಿಲಿಕೋನ್ ಅಂಟಿನ ಮೂರು ಬೊಟ್ಟು ಸಾಕು. ಕನ್ನಡಿಯನ್ನು ಬಟ್ಟೆಯಿಂದ ಉಜ್ಜಬಾರದು. ದುರ್ಬೀನನ್ನು ಸೂರ್ಯನತ್ತ ಎಂದೂ ತಿರುಗಿಸಬಾರದು.

ಇದು ಶಾಲೆಯ ಸಣ್ಣ ದುರ್ಬೀನುಗಳ ಚಿಂತೆ ಮಾತ್ರವೆಂದು ತಿಳಿಯಬಾರದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುತ್ತಾರೆ. ಅಲ್ಲಿಯೂ ದೊಡ್ಡ ಕನ್ನಡಿಗೆ ಒಂದು ಚಿಕ್ಕ ಕನ್ನಡಿಯ ಸಹಾಯ ಬೇಕು. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ದೊಡ್ಡ ಕನ್ನಡಿ 6.5 ಮೀಟರ್, ಚಿಕ್ಕದು 0.74 ಮೀಟರ್. ಈ ಚಿಕ್ಕ ಕನ್ನಡಿಯನ್ನು ಹೊತ್ತ, ಮಡಚಿಟ್ಟಿದ್ದ ಮೂರು ಕಾಲಿನ ಆಸರೆಯು 2022ರ ಜನವರಿಯಲ್ಲಿ ಆಕಾಶದಲ್ಲಿ ಬಿಚ್ಚಿ ನಿಂತಿತು. ಅದು ಬಿಚ್ಚದೆ ಹೋಗಿದ್ದರೆ ದೊಡ್ಡ ಕನ್ನಡಿಯಿಂದ ಪ್ರಯೋಜನವಿರಲಿಲ್ಲ.

ಶಾಲೆಯ ಮಕ್ಕಳು ಈಗ ಗುರುವಿನ ಉಪಗ್ರಹಗಳು ದಿನದಿನಕ್ಕೆ ಸ್ಥಾನ ಬದಲಿಸುವುದನ್ನು ವಹಿಯಲ್ಲಿ ಬರೆದಿಡುತ್ತಿದ್ದಾರೆ. ಆದುದರಿಂದ ವಾಚಕ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ನಿಮ್ಮೂರಿನ ಶಾಲೆಯ ಕಪಾಟಿನಲ್ಲಿ ದುರ್ಬೀನೊಂದು ಧೂಳು ತಿನ್ನುತ್ತಿದ್ದರೆ, ಅದನ್ನು ರದ್ದಿಗೆ ಹಾಕುವ ಮೊದಲು ಅದರ ಚಿಕ್ಕ ಕನ್ನಡಿಯ ಆಸರೆಯನ್ನು ಪರೀಕ್ಷಿಸಿರಿ. ಜೊತೆಗೆ ಕೈಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿರಿ. ಪುಸ್ತಕ ಹೇಳದ ದೋಷವನ್ನು ಅವರ ಬೆರಳು ಹೇಳೀತು.