ಗಿಟಾರಿನ ಕುದುರೆಯೂ ಕಲಿಯುವವಳ ಬೆರಳೂ

ಸಂಗೀತ ಕಲಿಯಲಾರಂಭಿಸಿದ ಹುಡುಗಿಯು ಕೆಲವು ವಾರಗಳಲ್ಲಿಯೇ ವಾದ್ಯವನ್ನು ಮೂಲೆಗಿಟ್ಟರೆ, ಅವಳಲ್ಲಿ ಶ್ರದ್ಧೆಯಿಲ್ಲವೆಂದು ಹಿರಿಯರು ತೀರ್ಮಾನಿಸುವದು ವಾಡಿಕೆ. ಆದರೆ ಅನೇಕ ಸಾರಿ ಕುಂದು ಇರುವದು ಹುಡುಗಿಯಲ್ಲಲ್ಲ, ವಾದ್ಯದಲ್ಲಿ. ತಂತಿಗಳು ಬಹಳ ಎತ್ತರದಲ್ಲಿ ನಿಂತಿದ್ದರೆ ಎಳೆಯ ಬೆರಳು ಅವುಗಳನ್ನು ಒತ್ತಲಾರದು. ನೋವು ಸಹಿಸಿ ಒತ್ತಿದರೂ ತಂತಿಯು ಅಧಿಕವಾಗಿ ಬಿಗಿದು ಸ್ವರವು ಏರುವದು. ಹೀಗೆ ಕೈಗೂ ಕಿವಿಗೂ ಒಂದೇ ಕಾಲದಲ್ಲಿ ನಿರಾಶೆಯಾಗುವದು. ಈ ಕುಂದನ್ನು ಕಂಡುಹಿಡಿದು ಸರಿಪಡಿಸುವ ಬಗೆಯನ್ನು ಇಲ್ಲಿ ವಿವರಿಸುವೆನು.

ವೀಣೆಯಲ್ಲಿ ತಂತಿಗಳನ್ನು ಹೊರುವ ಅಂಗಕ್ಕೆ ನಮ್ಮವರು ಕುದುರೆ ಎನ್ನುವರು. ಗಿಟಾರಿನಲ್ಲಿ ಒಡಲಿನ ಮೇಲ್ಹಲಗೆಗೆ ಅಂಟಿಸಿದ ಮರದ ತುಂಡು ಬ್ರಿಜ್ಜು. ಅದರ ಸೀಳಿನಲ್ಲಿ ನಿಲ್ಲಿಸಿದ ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ತೆಳುಪಟ್ಟಿ ಸ್ಯಾಡಲು. ಸ್ಯಾಡಲು ಅಂದರೆ ಜೀನು. ನಾವು ಕುದುರೆಯೆಂದದ್ದಕ್ಕೆ ಅವರು ಜೀನೆಂದರು. ಎರಡೂ ಹೊರುವ ಕೆಲಸವನ್ನೇ ಸೂಚಿಸುವವು. ಕುತ್ತಿಗೆಯ ತುದಿಯಲ್ಲಿ, ಬಿರಡೆಗಳ ಬಳಿಯಲ್ಲಿರುವ ಇನ್ನೊಂದು ಪಟ್ಟಿಗೆ ನಟ್ಟು ಎಂದು ಹೆಸರು.

ನಮ್ಮ ಸೀಮೆಯ ಹವೆಯನ್ನು ಮೊದಲು ಗಮನಿಸತಕ್ಕದ್ದು. ಸಿದ್ಧಕಟ್ಟೆಯ ಸುತ್ತುಮುತ್ತಲಲ್ಲಿ ಆಟಿಯ ಮಳೆಗೆ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಬಿಗಿದುಕೊಳ್ಳುವದನ್ನು ಎಲ್ಲರೂ ಬಲ್ಲರು. ಗಿಟಾರಿನ ಮೇಲ್ಹಲಗೆಯೂ ಹಾಗೆಯೇ ತೇವವನ್ನು ಹೀರಿ ಉಬ್ಬುವದು. ಆಗ ಬ್ರಿಜ್ಜು ಏರುವದು, ತಂತಿಗಳೂ ಏರುವವು. ಮಳೆ ಕಳೆದು ಗಾಳಿಯು ಒಣಗಿದಾಗ ಹಲಗೆಯು ತಗ್ಗುವದು. ಆದುದರಿಂದ ಆಟಿಯ ಎತ್ತರವನ್ನು ನೋಡಿ ಸ್ಯಾಡಲನ್ನು ತೇದವರ ಗಿಟಾರು ಪುಷ್ಯಮಾಸದಲ್ಲಿ ಮೆಟ್ಟುಗಳಿಗೆ ತಾಕಿ ಕರಕರನೆ ಸದ್ದು ಮಾಡೀತು. ಹಳೆಯ ಸ್ಯಾಡಲನ್ನು ಹಾಗೆಯೇ ಕಾದಿಟ್ಟು, ಹೊಸದೊಂದನ್ನು ತೇಯುವದು ವಿವೇಕ. ಎರಡು ಋತುಗಳಿಗೆ ಎರಡು ಸ್ಯಾಡಲುಗಳನ್ನು ಇಟ್ಟುಕೊಳ್ಳುವ ವಾದಕರೂ ಇದ್ದಾರೆ.

ಇನ್ನು ಅಳತೆ. ತಂತಿಗಳನ್ನು ಶ್ರುತಿಗೆ ತಂದು, 12ನೆಯ ಮೆಟ್ಟಿನ ನೆತ್ತಿಯಿಂದ ತಂತಿಯ ಕೆಳಗಿನ ಅಂಚಿನ ತನಕ ಅಳೆಯಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ದಪ್ಪ ತಂತಿಗೆ ಸುಮಾರು 2.4, ತೆಳು ತಂತಿಗೆ ಸುಮಾರು 1.8 ಮಿಲ್ಲಿಮೀಟರು ಸಾಮಾನ್ಯ ಪ್ರಮಾಣ. ನೈಲಾನ್ ತಂತಿಯದಕ್ಕೆ ಸುಮಾರು 4 ಮತ್ತು 3. ದಪ್ಪ ತಂತಿಯು ಅಗಲವಾಗಿ ಕಂಪಿಸುವದರಿಂದ ಅದಕ್ಕೆ ಹೆಚ್ಚು ಅವಕಾಶ ಬೇಕು.

ಎತ್ತರ ಅಧಿಕವಾಗಿದ್ದರೂ ಕೂಡಲೇ ಸ್ಯಾಡಲಿಗೆ ಕೈ ಹಾಕಬಾರದು. ಮೊದಲನೆಯ ಮೆಟ್ಟಿನಲ್ಲಿಯೂ ಕುತ್ತಿಗೆಯು ಒಡಲನ್ನು ಸೇರುವಲ್ಲಿಯೂ ತಂತಿಯನ್ನು ಒತ್ತಿ, ನಡುವೆ 7ನೆಯ ಮೆಟ್ಟಿನ ಬಳಿ ನೋಡಿರಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ಅಲ್ಲಿ 0.2ರಿಂದ 0.3 ಮಿಲ್ಲಿಮೀಟರು ಸಂದು ಇದ್ದರೆ ಸರಿ. ಬಹಳವಿದ್ದರೆ ಕುತ್ತಿಗೆಯೇ ಬಾಗಿರುವದು. ಅದರೊಳಗಣ ಲೋಹದ ಸರಳನ್ನು ತಿರುಗಿಸುವದು ಬಲ್ಲವರ ಕೆಲಸ. ಬ್ರಿಜ್ಜಿನ ಹಿಂಬದಿಯಲ್ಲಿ ಕಾಗದದ ಅಂಚು ನುಸುಳಿದರೆ ಅಂಟು ಬಿಡುತ್ತಿದೆಯೆಂದು ತಿಳಿಯಬೇಕು. ಇಂಥ ವಾದ್ಯವನ್ನು ಸ್ಯಾಡಲು ತೇದು ಗುಣಪಡಿಸಲಾಗದು.

ಇವೆಲ್ಲ ಸರಿಯಿದ್ದರೆ ಒಂದು ಸಣ್ಣ ಲೆಕ್ಕ. 12ನೆಯ ಮೆಟ್ಟು ತಂತಿಯ ನಟ್ಟನಡುವೆ ಇರುವದು. ಸ್ಪೇನಿನ ಆಂಟೋನಿಯೊ ಡಿ ಟೊರೆಸ್ (1817–1892) ರೂಢಿಗೆ ತಂದ ಗಿಟಾರಿನಲ್ಲಿ ತಂತಿಯ ಉದ್ದ ಸುಮಾರು 650 ಮಿಲ್ಲಿಮೀಟರು. ಅದರ ಅರ್ಧ 325. ಒಂದು ತುದಿಯನ್ನು ಇಳಿಸಿದರೆ ನಡುವು ಅದರ ಅರ್ಧದಷ್ಟೇ ಇಳಿಯುವದು. ಹೀಗಿರಲು 2.9 ಇದ್ದದ್ದನ್ನು 2.4ಕ್ಕೆ ತರಬೇಕಾದರೆ, ಅರ್ಧ ಮಿಲ್ಲಿಮೀಟರಿಗಾಗಿ ಸ್ಯಾಡಲಿನಿಂದ ಒಂದು ಮಿಲ್ಲಿಮೀಟರು ತೆಗೆಯಬೇಕು.

ತಂತಿಗಳನ್ನು ಸಡಿಲಿಸಿ ಸ್ಯಾಡಲನ್ನು ಹೊರತೆಗೆಯಿರಿ. ತೆಗೆಯಬೇಕಾದಷ್ಟಕ್ಕೆ ಕೆಳಭಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಸಮತಲವಾದ ಗಾಜಿನ ಮೇಲೆ ಸ್ಯಾಂಡ್‌ಪೇಪರು ಹಾಸಿ, ಪಟ್ಟಿಯನ್ನು ನೆಟ್ಟಗೆ ಹಿಡಿದು ತೇಯಿರಿ. ಕೆಳಗಿನಿಂದಲೇ ತೇಯಬೇಕು, ಯಾಕಂದರೆ ಮೇಲಂಚನ್ನು ತಂತಿಗಳಿಗೆ ತಕ್ಕಂತೆ ರೂಪಿಸಿರುವರು. ತಳವು ಓರೆಯಾದರೆ ನಾದವು ಹಲಗೆಗೆ ಸರಿಯಾಗಿ ತಲುಪದು. ಎಲುಬಿನ ಪುಡಿ ಉಸಿರಿನೊಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಗೆರೆಗೆ ತುಸು ಮೊದಲೇ ನಿಲ್ಲಿಸಿ, ತಂತಿ ಬಿಗಿದು ಮತ್ತೆ ಅಳೆಯಿರಿ. ತೇದುಹೋದದ್ದು ಹಿಂದಿರುಗಿ ಬರಲಾರದಷ್ಟೆ. ಮಿತಿಮೀರಿದರೆ ಅಡಿಯಲ್ಲಿ ತೆಳುವಾದ ಮರದ ಪಟ್ಟಿಯನ್ನಿಟ್ಟು ತಾತ್ಕಾಲಿಕವಾಗಿ ಏರಿಸಬಹುದು. ತಂತಿಯು ಸ್ಯಾಡಲಿನ ಮೇಲೆ ಸ್ಪಷ್ಟವಾಗಿ ಬಾಗಿ ಇಳಿಯುವಷ್ಟು ಎತ್ತರ ಉಳಿಯಲೇ ಬೇಕು. ಇಲ್ಲವಾದರೆ ನಾದವು ಕುಗ್ಗುವದು.

ವಿದ್ಯುತ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ತಂತಿಗೂ ಬೇರೆ ಸ್ಯಾಡಲಿದ್ದು, ತಿರುಪುಗಳಿಂದ ಅದನ್ನು ಸರಿಸುವ ಅನುಕೂಲವುಂಟು. ಅಲ್ಲಿ ಎತ್ತರ ಸರಿಯಾದ ಮೇಲೆ, 12ನೆಯ ಮೆಟ್ಟಿನ ಮೇಲೆ ತಂತಿಯನ್ನು ಮೆಲ್ಲನೆ ಸೋಕಿಸಿ ಮೀಟಿದ ಸ್ವರವನ್ನೂ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಿರಿ. ಒತ್ತಿದ ಸ್ವರವು ಏರಿದ್ದರೆ ಸ್ಯಾಡಲನ್ನು ನಟ್ಟಿನಿಂದ ದೂರಕ್ಕೆ, ಇಳಿದಿದ್ದರೆ ನಟ್ಟಿನ ಕಡೆಗೆ ಸರಿಸತಕ್ಕದ್ದು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗಳಿಗೆ ಗಿಟಾರು ಕೊಳ್ಳುವಾಗ ಅದರ ಹೊಳಪನ್ನು ನೋಡುವದಕ್ಕಿಂತ ಮೊದಲು ಒಂದು ಅಳತೆಪಟ್ಟಿಯನ್ನು 12ನೆಯ ಮೆಟ್ಟಿನ ಬಳಿ ಹಿಡಿಯಿರಿ. ಮನೆಯಲ್ಲಿ ಧೂಳು ಹಿಡಿದ ಗಿಟಾರು ಇದ್ದರೆ ಅದನ್ನೂ ಅಳೆಯಿರಿ. ಅವಳು ಕಲಿಯಲಾರಳು ಎಂಬ ಮಾತನ್ನು ಆ ಮೇಲೆ ಆಡಿದರೂ ತಡವಾಗದು.