ಗಣಿತ ಬಿಡುವ ಮೊದಲು

ಮಕ್ಕಳ ಕಲಿಕೆಯ ಮೇಲೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯ ಪ್ರಭಾವವೇ ಹೆಚ್ಚೆಂದು ಅಮೆರಿಕದ ಕೋಲ್ಮನ್ ವರದಿ 1966ರಲ್ಲೇ ಹೇಳಿತು. ಹಾಗೆಂದು ಕೈಕಟ್ಟಿ ಕೂರಬೇಕೆ? ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಒಳ್ಳೆಯ ಅಂಕ ಪಡೆದ ಹೆಣ್ಣುಮಕ್ಕಳು ಪಿಯುಸಿಯಲ್ಲಿ ಗಣಿತವನ್ನೇ ಬಿಡುವುದನ್ನು ನಾವು ಅರ್ಜಿಗಳಲ್ಲಿ ಕಾಣುತ್ತಿದ್ದೇವೆ. ಗಣಿತ ಕಲಿಸಿಯೇ ನಿವೃತ್ತರಾದ ನಮಗೆ ಇದು ಸಂಕಟದ ಸಂಗತಿ. ಮಕ್ಕಳಿಗೆ ಬುದ್ಧಿ ಸಾಲದೆ ಅಲ್ಲ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆಂದು ಬೀಡಿ ಕಟ್ಟುವ ತಾಯಿಗೆ ಯಾರೂ ತಿಳಿಸಿರುವುದಿಲ್ಲ. ಓದಿದವರ ಮನೆಯಲ್ಲಿ ಈ ಮಾತು ಊಟದ ಹೊತ್ತಿಗೇ ಬಂದುಹೋಗುತ್ತದೆ.

ಆದ್ದರಿಂದ ಈ ಸಲ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ತಾಯಿ ಅಥವಾ ತಂದೆಯೂ ಬರಬೇಕು. ವಿಷಯದ ಆಯ್ಕೆಯನ್ನು ಅಲ್ಲೇ ಕೂತು ಮಾತಾಡೋಣ. ಕಷ್ಟದ ವಿಷಯ ಆರಿಸಿದವರಿಗೆ ಸಂಜೆ ಪಾಠ ಹೇಳಲು ನಾವಿದ್ದೇವೆ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯವರು ಎನ್‌ಎಂಎಂಎಸ್ ಪರೀಕ್ಷೆಯನ್ನೂ ಬರೆಯಲಿ. ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂ. ಸಿಗುತ್ತದೆ.