ವಸತಿ ಶಾಲೆಗೆ ಹೊರಟ ಮಗು: ಸಾಮಾನು ಸಾಗಣೆ, ಸಹವಾಸ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಪ್ರತಿ ವರ್ಷ ಶಾಲೆ ಆರಂಭವಾಗುವ ಹೊತ್ತಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಬಸ್ ನಿಲ್ದಾಣಗಳಲ್ಲಿ ತಗಡಿನ ಟ್ರಂಕು, ಕೌದಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿಗಳೊಂದಿಗೆ ಮಕ್ಕಳು ಹಾಗೂ ಪಾಲಕರು ಕಂಡುಬರುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ 6ನೆಯ ತರಗತಿಗೆ ಸೇರುವ ಮಗುವಿಗೆ ಸುಮಾರು 11 ವರ್ಷ. ಸೀಟು ದೊರೆತ ಕೂಡಲೇ ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ದಸರಾ ರಜೆಗೆ ಊರಿಗೆ ಬಂದ ಕೆಲವು ಮಕ್ಕಳು ಮರಳಿ ಹೋಗಲು ಒಪ್ಪುವುದಿಲ್ಲ. “ಮಗು ಹೊಂದಿಕೊಳ್ಳಲಿಲ್ಲ” ಎಂಬ ಒಂದೇ ಮಾತಿನಲ್ಲಿ ಆ ವಿಷಯ ಮುಗಿದುಹೋಗುತ್ತದೆ. ಹಾಗೆ ಉಳಿದ ಮಗು ಹೆಣ್ಣಾಗಿದ್ದರೆ ಹತ್ತಿ, ತೊಗರಿ ಹೊಲದ ಕೆಲಸವೂ ಅದರ ಹಿಂದೆಯೇ ಮದುವೆಯ ಮಾತೂ ಬರುವ ಸಂಭವವಿರುತ್ತದೆ.

ಹೊಂದಿಕೊಳ್ಳದಿರುವುದಕ್ಕೆ ಮಗುವಿನ ಸ್ವಭಾವವೇ ಯಾವಾಗಲೂ ಕಾರಣವಲ್ಲ. ಜಾಗ, ನೀರು, ಸಮಯ ಇವುಗಳ ಕೊರತೆಯೂ ಕಾರಣವಾಗಿರುತ್ತದೆ. ಈ ಕೊರತೆಯನ್ನು ಎಣಿಸಬಹುದು, ಅಳೆಯಬಹುದು, ಆದ್ದರಿಂದ ಸರಿಪಡಿಸಲೂಬಹುದು. ಈ ಪಾಠದ ಉದ್ದೇಶ ಇದೇ.

1. ಪಂಚಾಯಿತಿಯ ಪಾತ್ರ

ವಸತಿ ಶಾಲೆ ಮತ್ತು ವಿದ್ಯಾರ್ಥಿ ನಿಲಯಗಳ ಆಡಳಿತ ಆಯಾ ಇಲಾಖೆಗಳಿಗೆ ಸೇರಿದ್ದು. ನಿಲಯ ಪಾಲಕರ ಅಧಿಕಾರ ಪಂಚಾಯಿತಿಗಿಲ್ಲ. ಆದರೂ ಸಂವಿಧಾನದ 11ನೆಯ ಅನುಸೂಚಿಯಲ್ಲಿ ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ದುರ್ಬಲ ವರ್ಗಗಳ ಕಲ್ಯಾಣ ಸೇರಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 61ನೆಯ ಪ್ರಕರಣದಂತೆ ರಚಿತವಾಗುವ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಈ ವಿಷಯವನ್ನು ಕೈಗೆತ್ತಿಕೊಳ್ಳಲು ತಕ್ಕ ವೇದಿಕೆಯಾಗಿದೆ.

ಪಂಚಾಯಿತಿಯ ಪಾತ್ರ ಎರಡು ಬಗೆಯದು. ಮಗುವನ್ನು ಕಳುಹಿಸುವ ಪಂಚಾಯಿತಿಯು ಪ್ರಯಾಣ ಮತ್ತು ರಜೆಯ ದಿನಗಳ ಬಗ್ಗೆ ಎಚ್ಚರ ವಹಿಸಬೇಕು. ವಸತಿ ಶಾಲೆ ತನ್ನ ವ್ಯಾಪ್ತಿಯಲ್ಲೇ ಇರುವ ಪಂಚಾಯಿತಿಯು ನೀರು, ಚರಂಡಿ, ಬೀದಿ ದೀಪ ಮತ್ತು ಕಸ ವಿಲೇವಾರಿಯನ್ನು ಗಮನಿಸಬೇಕು.

2. ಸಾಮಾನು ಸಾಗಣೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ನಾಲ್ಕಕ್ಕೂ ರೈಲು ಸಂಪರ್ಕವಿದೆ, ಚಿಂಚೋಳಿಗೆ ಇಲ್ಲ. ಚಿಂಚೋಳಿಯ ತಾಂಡಾಗಳ ಮಗು ಟಂಟಂ ಏರಿ, ಬಸ್ ಹಿಡಿದು, ನಡುವೆ ಮತ್ತೊಂದು ಬಸ್ ಬದಲಿಸಬೇಕಾಗುತ್ತದೆ. ಶಾಲೆ ಸೇರುವ ಕಾಲವೂ ಮಳೆಗಾಲವೂ ಒಂದೇ. ಕಾಗಿಣಾ ಅಥವಾ ಮುಲ್ಲಾಮಾರಿ ತುಂಬಿ ಹರಿದಾಗ ಕೆಳಮಟ್ಟದ ಸೇತುವೆಗಳ ಮೇಲೆ ಸಂಚಾರ ನಿಲ್ಲುತ್ತದೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ತಾಯಿ ಮತ್ತು ಮಗಳ ಪ್ರಯಾಣ ಉಚಿತವಾಗಿದೆ. ತಂದೆ ಮತ್ತು ಮಗನಿಗೆ ಟಿಕೆಟ್ ಬೇಕು. ಮಿತಿ ಮೀರಿದ ಸಾಮಾನಿಗೆ ಎಲ್ಲರೂ ಶುಲ್ಕ ಕೊಡಬೇಕು. ಹಲವು ಸರ್ಕಾರಿ ನಿಲಯಗಳಲ್ಲಿ ಹಾಸಿಗೆ, ಸಮವಸ್ತ್ರ, ಸಾಬೂನುಗಳನ್ನು ಇಲಾಖೆಯೇ ನೀಡುತ್ತದೆ. ಆದ್ದರಿಂದ ಅಲ್ಲಿ ಏನೇನು ಸಿಗುತ್ತದೆಂದು ಮೊದಲೇ ಕೇಳಿ ತಿಳಿದು, ಉಳಿದದ್ದನ್ನು ಮಾತ್ರ ಕಟ್ಟಿಕೊಳ್ಳಬೇಕು. ಒಂದೇ ಶಾಲೆಗೆ ಹೋಗುವ ಮಕ್ಕಳ ಪಾಲಕರು ಒಟ್ಟುಗೂಡಿ ಒಂದು ವಾಹನ ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಹೀಗೆ ಪಾಲಕರನ್ನು ಒಟ್ಟುಗೂಡಿಸುವ ಕೆಲಸವನ್ನು ವಾರ್ಡಿನ ಸದಸ್ಯರು ಸುಲಭವಾಗಿ ಮಾಡಬಲ್ಲರು.

3. ಜಾಗ, ನೀರು, ಸರದಿ: ಮೂರು ಲೆಕ್ಕಗಳು

ಮುಂದಿನ ಲೆಕ್ಕಗಳು ಉದಾಹರಣೆಗಾಗಿ ಮಾತ್ರ. ಸದಸ್ಯರು ತಮ್ಮ ವ್ಯಾಪ್ತಿಯ ಶಾಲೆಯ ಅಂಕಿಗಳನ್ನು ಹಾಕಿ ನೋಡಬೇಕು.

ಜಾಗ: ಕೊಠಡಿ 20 ಅಡಿ ಉದ್ದ, 20 ಅಡಿ ಅಗಲ, ಒಟ್ಟು 400 ಚದರ ಅಡಿ. ಒಂದು ಹಾಸಿಗೆಗೆ 15 ಚದರ ಅಡಿ, ಒಂದು ಟ್ರಂಕಿಗೆ 2.5 ಚದರ ಅಡಿ ಬೇಕು. 20 ಮಕ್ಕಳಿದ್ದರೆ 350 ಚದರ ಅಡಿ ತುಂಬಿ, ಓಡಾಡಲು 50 ಚದರ ಅಡಿ ಉಳಿಯುತ್ತದೆ. 25 ಮಕ್ಕಳಾದರೆ 437.5 ಚದರ ಅಡಿ ಬೇಕಾಗುತ್ತದೆ. ಆಗ ಟ್ರಂಕುಗಳು ಪಡಸಾಲೆಗೆ ಬರುತ್ತವೆ. ಬೀಗ ಮುರಿಯುವುದು, ವಸ್ತು ಕಳೆಯುವುದು, ಅನುಮಾನ ಪಡುವುದು ಅಲ್ಲಿಂದ ಆರಂಭವಾಗುತ್ತವೆ. ಗೋಡೆಗೆ ಶಹಾಬಾದ್ ಕಲ್ಲಿನ ಹಲಗೆ ಕೂಡಿಸಿದರೆ ಟ್ರಂಕುಗಳು ನೆಲ ಬಿಟ್ಟು ಮೇಲೇರುತ್ತವೆ.

ನೀರು: ಜಲ ಜೀವನ ಮಿಷನ್ ಗ್ರಾಮೀಣ ಮನೆಗಳಲ್ಲಿ ತಲಾ ದಿನಕ್ಕೆ 55 ಲೀಟರ್ ನಿಗದಿಪಡಿಸಿದೆ. ವಸತಿ ಶಾಲೆಗೆ ಭಾರತೀಯ ಮಾನಕ ಐಎಸ್ 1172 ಹೇಳುವುದು ತಲಾ 135 ಲೀಟರ್. 250 ಮಕ್ಕಳಿಗೆ ಇದು 33,750 ಲೀಟರ್. ಮನೆಗಳ ಲೆಕ್ಕದಲ್ಲೇ ನೀರು ಬಿಟ್ಟರೆ ದೊರೆಯುವುದು 13,750 ಲೀಟರ್ ಮಾತ್ರ. ದಿನವೂ 20,000 ಲೀಟರ್ ಕೊರತೆ.

ಸರದಿ: 250 ಮಕ್ಕಳು, 25 ಸ್ನಾನದ ಕೋಣೆಗಳು, ಒಬ್ಬರಿಗೆ 8 ನಿಮಿಷ ಎಂದರೆ 80 ನಿಮಿಷದಲ್ಲಿ ಎಲ್ಲರ ಸ್ನಾನ ಮುಗಿಯುತ್ತದೆ. ಐದು ಕೋಣೆಗಳ ನಲ್ಲಿ ಕೆಟ್ಟರೆ 104 ನಿಮಿಷ ಬೇಕು. ಕೊನೆಯಲ್ಲಿ ನಿಲ್ಲುವವರು ಸಾಮಾನ್ಯವಾಗಿ ಚಿಕ್ಕ ಮಕ್ಕಳು. ಸ್ನಾನ ತಪ್ಪುವುದೂ, ತಿಂಡಿ ತಪ್ಪುವುದೂ, ತರಗತಿಗೆ ತಡವಾಗುವುದೂ ಅವರಿಗೇ.

4. ಕೂಡಿ ಬಾಳುವಾಗ

ಈ ಭಾಗದ ಒಂದೇ ಕೊಠಡಿಯಲ್ಲಿ ಕನ್ನಡ, ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಇರುತ್ತಾರೆ. ಹೊಸ ಮಗುವಿಗೆ ತನ್ನ ಮಾತು ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬರ ಜೊತೆ ದೊರೆಯುವಂತೆ ನಿಲಯ ಪಾಲಕರನ್ನು ಕೋರಬಹುದು.

ವಸ್ತು ಕಳೆದಾಗ ಎಲ್ಲರೆದುರು ಒಂದು ಮಗುವಿನ ಟ್ರಂಕು ಸುರಿಸುವುದು, ಬೈಯುವುದು, ಹೊಡೆಯುವುದು ಸಲ್ಲದು. ಶಿಕ್ಷಣ ಹಕ್ಕು ಅಧಿನಿಯಮ, 2009ರ 17ನೆಯ ಪ್ರಕರಣವು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಟ್ರಂಕಿನ ಮೇಲೆ ಬಣ್ಣದಲ್ಲಿ ಹೆಸರು, ಬಟ್ಟೆಯ ಮೇಲೆ ದಾರದ ಗುರುತು, ಮುಚ್ಚಳದ ಒಳಗೆ ಸಾಮಾನಿನ ಪಟ್ಟಿ, ನಿಲಯ ಪಾಲಕರಲ್ಲಿ ಎರಡನೆಯ ಕೀಲಿ: ಈ ನಾಲ್ಕು ಇದ್ದರೆ ಅರ್ಧ ತಗಾದೆ ಹುಟ್ಟುವುದೇ ಇಲ್ಲ. ಮನೆಯ ತಿಂಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಇಲ್ಲವಾದರೆ ಇಲಿ, ಇರುವೆ ಬರುತ್ತವೆ.

ಕಜ್ಜಿ ಹಾಸಿಗೆ, ಬಟ್ಟೆ, ಟವೆಲುಗಳ ಮೂಲಕ ಹರಡುತ್ತದೆ. ಒಬ್ಬರಿಗೆ ಮಾತ್ರ ಮದ್ದು ಹಚ್ಚಿದರೆ ಮತ್ತೆ ಬರುತ್ತದೆ. ಕೊಠಡಿಯ ಎಲ್ಲರಿಗೂ ಒಮ್ಮೆಗೇ ಚಿಕಿತ್ಸೆ ನೀಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವು ಪಡೆಯತಕ್ಕದ್ದು.

5. ರಜೆಯ ದಿನಗಳು

ದೀಪಾವಳಿಯ ನಂತರ ಹಲವು ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ನಿಲಯ ಮುಚ್ಚಿದ ದಿನ ಮಗು ಟ್ರಂಕಿನೊಡನೆ ಊರಿಗೆ ಬಂದರೆ ಮನೆಗೆ ಬೀಗ. ಪಾಲಕರು ಮಗುವನ್ನು ಕೆಲಸದ ಸ್ಥಳಕ್ಕೇ ಕರೆಸಿಕೊಂಡರೆ ಅದು ಮರಳಿ ಶಾಲೆಗೆ ಬರುವುದು ಸಂದೇಹ. ಪ್ರತಿ ರಜೆಗೂ 15 ದಿನ ಮುಂಚೆ ಅಂಥ ಮಕ್ಕಳ ಪಟ್ಟಿ ಮಾಡಿ, ಯಾವ ಬಂಧುವಿನ ಮನೆಯಲ್ಲಿ ಉಳಿಯುತ್ತಾರೆ, ಯಾರು ಕರೆತರುತ್ತಾರೆ ಎಂದು ಬರೆದಿಡಬೇಕು. ಶಾಲೆ ತೆರೆದ ಮೂರನೆಯ ದಿನ ಆ ಪಟ್ಟಿಯನ್ನು ಹಾಜರಿಯೊಡನೆ ತಾಳೆ ನೋಡಬೇಕು. ಅಪಾಯ ಅಥವಾ ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಪಂಚಾಯಿತಿಯಿಂದ ಎಷ್ಟು ಮಕ್ಕಳು ವಸತಿ ಶಾಲೆಗಳಲ್ಲಿದ್ದಾರೆ? ಕಳೆದ ದಸರಾ ನಂತರ ಎಷ್ಟು ಮಂದಿ ಮರಳಿಲ್ಲ?
2. ನಮ್ಮ ವ್ಯಾಪ್ತಿಯ ವಸತಿ ಶಾಲೆಗೆ ದಿನಕ್ಕೆ ಎಷ್ಟು ಲೀಟರ್ ನೀರು ತಲುಪುತ್ತಿದೆ?
3. ಮಕ್ಕಳ ಗ್ರಾಮ ಸಭೆಗೆ ವಸತಿ ಶಾಲೆಯ ಮಕ್ಕಳನ್ನೂ ಕರೆಯಲಾಗಿದೆಯೇ? ಅವರು ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ?